ಸೌದೆ ಸೀಳುವ ಮಿಷಿನ್ "ಮಾಡಿಫೈ" ಮಾಡಿಸುವ ಮುಂಚೆ ಇದನ್ನು ಓದಿ, ನಾನು ಮೋಸ ಹೋಗಿದ್ದೇನೆ

ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಾಗರ ಕಡೆ ಅಡಿಕೆ ಬೇಯಿಸೋಕೆ ಅಂತ ಹೈಡ್ರಾಲಿಕ್ ಸೌದೆ ಮಿಷಿನ್ ತಗೊಂಡವರು ಈಗ ತುಂಬಾ ಜನ ಇದ್ದೀರಿ. ನೀವೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ 46,500 ರೂಪಾಯಿ ಹೋಯಿತು. ಅದು ಹೋಗಲಿ, ದುಡ್ಡು ಮತ್ತೆ ದುಡಿಯಬಹುದು. ನಮ್ಮ ಕೆಲಸದ ಹುಡುಗನ ಕೈ ಹೋಗುತ್ತಿತ್ತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅದೇ ವರ್ಕ್‌ಶಾಪಿನಲ್ಲಿ ಈಗಲೂ ಎರಡು ಮಿಷಿನ್ ಬಿಚ್ಚಿಕೊಂಡು ಬಿದ್ದಿವೆ. ನನ್ನ ಕಣ್ಣಾರೆ ನೋಡಿ ಬಂದೆ.

ಮಿಷಿನ್ ತಗೊಂಡು ಎರಡು ವರ್ಷ ಆಗಿತ್ತು. 1,15,000 ಕೊಟ್ಟಿದ್ದೆ. 3 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, 90 ಎಂಎಂ ಸಿಲಿಂಡರ್, ಮೈಮೇಲೆ 12 ಟನ್ ಅಂತ ಸ್ಟಿಕ್ಕರ್. ಅಕೇಶಿಯಾ, ಸಿಲ್ವರ್ ಓಕ್ ಎಲ್ಲ ಆರಾಮಾಗಿ ಸೀಳುತ್ತಿತ್ತು. ಹಲಸಿನ ಗಂಟು ಬಂದರೆ ಸ್ವಲ್ಪ ತಿಣುಕುತ್ತಿತ್ತು, ಅಷ್ಟೇ. ಕೊಡಲಿ ಹಿಡಿಯುವ ಜನ ಸಿಗದ ಕಾಲದಲ್ಲಿ ಅದು ನಮ್ಮ ಮನೆಯ ಒಬ್ಬ ಆಳಿನ ಹಾಗೇ ಇತ್ತು.

ಹೋದ ಮಳೆಗಾಲ ಪೂರ್ತಿ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಟಾರ್ಪಾಲ್ ಮುಚ್ಚಿ ಇಟ್ಟಿದ್ದೆ. ನಮ್ಮ ಮಳೆ ನಿಮಗೆ ಗೊತ್ತಲ್ವಾ. ಸೆಪ್ಟೆಂಬರ್ ಕೊನೆಗೆ ಹೊರಗೆ ತೆಗೆದು ಚಾಲೂ ಮಾಡಿದರೆ ಪಂಪಿನಿಂದ ಕೀಂ ಅಂತ ಸದ್ದು. ಮುಂದೆ ಹೋಗುವುದೂ ನಿಧಾನ, ಹಿಂದೆ ಬರುವುದೂ ನಿಧಾನ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆ ಅಂತ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಮೇಲಿಂದ ಎರಡು ಲೀಟರ್ ಹೊಸ ಆಯಿಲ್ ಸುರಿದು ನೋಡಿದೆ. ಏನೂ ಆಗಲಿಲ್ಲ. ಅಡಿಕೆ ಕೊನೆ ತೆಗೆಯುವ ಕೊನೆಗಾರರಿಗೆ ದಿನ ಹೇಳಿ ಆಗಿತ್ತು, ಹಂಡೆ ಒಲೆಗೆ ಒಂದು ಬುಟ್ಟಿ ಸೌದೆಯೂ ತಯಾರಿಲ್ಲ. ಆ ಅವಸರದಲ್ಲಿ ಪೇಟೆ ಹೊರಗಿನ ಒಂದು ವರ್ಕ್‌ಶಾಪಿಗೆ ಪಿಕಪ್‌ನಲ್ಲಿ ಹಾಕಿಕೊಂಡು ಹೋದೆ.

ಇಲ್ಲಿಂದ ಸರಿಯಾಗಿ ಓದಿ.

ಆತ ಒಂದು ದಿಮ್ಮಿ ಇಟ್ಟು ಲಿವರ್ ಎಳೆದ. ಸಿಲಿಂಡರ್ ಖಾಲಿ ಜಾಗದಲ್ಲಿ ಒಂದು ವೇಗದಲ್ಲಿ ಹೋಯಿತು, ದಿಮ್ಮಿಗೆ ತಾಗಿದ ಕೂಡಲೇ ನಿಧಾನವಾಯಿತು. ಆತ ನನ್ನ ಕಡೆ ತಿರುಗಿ, "ನೋಡಿದ್ರಾ ಗೌಡ್ರೇ? ಲೋಡ್ ಬಿದ್ದ ತಕ್ಷಣ ಸ್ಲೋ ಆಯ್ತಲ್ಲ? ಪಂಪ್ ಹೋಗಿದೆ. ಒಳಗೆ ಗೇರ್ ಸವೆದಿದೆ" ಅಂದ. ನಾನು ನೋಡಿದೆ. ಹೌದು, ನಿಧಾನ ಆಯಿತು. ನಂಬಿದೆ.

ನಾನು ಮೋಸ ಹೋದ ಜಾಗ ಇದೇ. ಮತ್ತೆ ಹೇಳುತ್ತೇನೆ, ಇದೇ ಜಾಗ. ಈ ಮಿಷಿನ್‌ಗಳಲ್ಲಿ ಇರುವುದು ಎರಡು ಹಂತದ ಪಂಪ್. ಒಂದೇ ಡಬ್ಬಿಯೊಳಗೆ ದೊಡ್ಡ ಗೇರ್ ಜೋಡಿ ಒಂದು, ಸಣ್ಣದು ಒಂದು. ಲೋಡ್ ಇಲ್ಲದಾಗ ಎರಡೂ ಸೇರಿ ಆಯಿಲ್ ತಳ್ಳುತ್ತವೆ, ಅದಕ್ಕೆ ಬೇಗ ಹೋಗುತ್ತದೆ. ದಿಮ್ಮಿ ತಾಗಿ ಪ್ರೆಶರ್ ಏರಿದರೆ ದೊಡ್ಡ ಜೋಡಿಯ ಆಯಿಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ, ಸಣ್ಣ ಜೋಡಿ ಮಾತ್ರ ಪೂರ್ತಿ ಬಲ ಹಾಕಿ ತಳ್ಳುತ್ತದೆ. ಅದಕ್ಕೆ ನಿಧಾನ. 3 ಎಚ್‌ಪಿ ಮೋಟಾರಿನಲ್ಲಿ 12 ಟನ್ ಬಲ ತೆಗೆಯುವ ದಾರಿಯೇ ಅದು. ದಿಮ್ಮಿ ತಾಗಿದಾಗ ನಿಧಾನ ಆಗುವುದು ಈ ಪಂಪಿನ ಸಹಜ ಕೆಲಸ, ಅಷ್ಟಕ್ಕೇ ಪಂಪ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಸರಿ ಇರುವುದನ್ನೇ ತೋರಿಸಿ ಕೆಟ್ಟಿದೆ ಅಂತ ನಂಬಿಸಿದ. ಮಿಷಿನ್ ಜೊತೆ ಬಂದ ಪುಸ್ತಕದಲ್ಲಿ ಇದು ಚಿತ್ರದ ಸಮೇತ ಇತ್ತು. ಅದು ಬೀರುವಿನಲ್ಲಿ ಇತ್ತು, ನಾನು ತೆರೆದಿರಲಿಲ್ಲ.

ಆಮೇಲೆ ಆತ ಆಸೆ ತೋರಿಸಿದ. "ಹೆಂಗೂ ಪಂಪ್ ಹಾಕ್ತೀವಿ, ಟ್ರ್ಯಾಕ್ಟರ್ ಟೈಪ್ ಗೇರ್ ಪಂಪ್ ಹಾಕೋಣ. 5 ಎಚ್‌ಪಿ ಮೋಟಾರ್ ಕೂರಿಸೋಣ. ನಿಮ್ಮದು 12 ಟನ್ ಇದೆ, 20 ಟನ್ ಮಾಡಿ ಕೊಡ್ತೀನಿ. ಹಲಸು ಬೆಣ್ಣೆ ಥರ ಹೋಗುತ್ತೆ." ನಾನು ಒಪ್ಪಿದೆ. ಹಳೇ ಪಂಪ್, ಮೋಟಾರ್ ವಾಪಸ್ ಕೊಡಿ ಅಂತ ಕೇಳಿದೆ ಕೂಡಾ. "ಸ್ಕ್ರಾಪ್ ಗೌಡ್ರೇ ಅದು, ಲೆಕ್ಕದಲ್ಲಿ ಎರಡು ಸಾವಿರ ಕಳೆದಿದೀನಿ" ಅಂದ. ಸುಮ್ಮನಾದೆ. ಬಿಲ್ ಕೇಳಿದ್ದಕ್ಕೆ ಬಿಳಿ ಚೀಟಿ ಮೇಲೆ "ರಿಪೇರಿ 46,500" ಅಂತ ಬರೆದು ಕೊಟ್ಟ. ಅದನ್ನೂ ಜೇಬಿಗೆ ಹಾಕಿಕೊಂಡು ಬಂದೆ.

ನಾಲ್ಕು ದಿನ ಅಂದವನು ಹದಿನೆಂಟು ದಿನ ಮಾಡಿದ. ಮನೆಗೆ ತಂದ ಮೇಲೆ ಗೊತ್ತಾಯಿತು, ಹೊಸ ಮೋಟಾರ್ ತ್ರೀ ಫೇಸ್. ನಮ್ಮಲ್ಲಿ ತ್ರೀ ಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಒಂದೊಂದು ವಾರ ರಾತ್ರಿ. ಅಡಿಕೆ ಸುಲಿಯುವ ಹೊತ್ತಿಗೆ ಸೌದೆ ಸೀಳೋಕೆ ಕರೆಂಟ್ ಇಲ್ಲ. ಫೋನ್ ಮಾಡಿದರೆ, "ಸಿಂಗಲ್ ಫೇಸ್ ಬೇಕು ಅಂತ ನೀವು ಹೇಳಲಿಲ್ಲ" ಅಂದ. ಮೊದಲು ಇದ್ದದ್ದೇ ಸಿಂಗಲ್ ಫೇಸ್ ಅಲ್ವಾ? ಅದನ್ನು ಬಾಯಿಬಿಟ್ಟು ಹೇಳಬೇಕಿತ್ತಾ?

ವೇಗವಾದರೂ ಬಂತಾ? ದಿಮ್ಮಿ ತಾಗಿದ ಮೇಲೆ ಬೇಗ ಹೋಗುತ್ತಿತ್ತು, ನಿಜ. ಆದರೆ ಖಾಲಿ ಓಟ ಮತ್ತು ವಾಪಸ್ ಬರುವುದು ಮೊದಲಿಗಿಂತ ನಿಧಾನ. ಒಂದು ದಿಮ್ಮಿಗೆ ಹಿಡಿಯುವ ಒಟ್ಟು ಸಮಯ ಮೊಬೈಲಿನಲ್ಲಿ ಅಳೆದು ನೋಡಿದೆ. ಹೆಚ್ಚುಕಡಿಮೆ ಅಷ್ಟೇ! ಅರ್ಧ ಗಂಟೆ ಓಡಿಸಿದರೆ ಟ್ಯಾಂಕ್ ಮುಟ್ಟೋಕೆ ಆಗದಷ್ಟು ಬಿಸಿ. ಮತ್ತೆ ಫೋನ್ ಮಾಡಿದೆ. "ಹೊಸ ಪಂಪ್ ಅಲ್ವಾ, ಸೆಟ್ ಆಗಬೇಕು" ಅಂದ. ಒಂದು ವಾರ ಬಿಟ್ಟು ಮಾಡಿದೆ. "ನೀವು ದಪ್ಪ ದಿಮ್ಮಿ ಹಾಕ್ತಿದ್ದೀರಿ" ಅಂದ. ದಪ್ಪ ದಿಮ್ಮಿ ಸೀಳೋಕೆ ಅಂತಲೇ ಅಲ್ವಾ 20 ಟನ್ ಮಾಡಿಸಿದ್ದು? ಅದಕ್ಕೆ ಉತ್ತರ ಇಲ್ಲ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಡಿಸೆಂಬರಿನಲ್ಲಿ ಒಂದು ದಿನ ಹಲಸಿನ ಬೊಡ್ಡೆ ಇಟ್ಟಿದ್ದೆವು. ಮಿಷಿನ್ ಗುರ್ ಅಂತ ಒತ್ತುತ್ತಿತ್ತು. ಹೋಸ್ ಪೈಪಿನ ಹತ್ತಿರ ಸಣ್ಣಗೆ ಹಬೆ ಥರ ಏಳುತ್ತಿದ್ದದ್ದು ಕಾಣಿಸಿತು. ಹುಡುಗ ಎಲ್ಲಿ ಲೀಕ್ ಅಂತ ನೋಡೋಕೆ ಕೈ ಮುಂದೆ ಮಾಡಿದ. ನಾನು ಕೂಗಿದೆ, ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ, ಸ್ವಿಚ್ ಆಫ್ ಮಾಡಿದೆ. ಪೈಪಿನಲ್ಲಿ ಸೂಜಿ ಮೊನೆಯಷ್ಟು ತೂತು. ನಾನು ಎಳೆದದ್ದು ಬಿಸಿ ಆಯಿಲ್ ಸುಟ್ಟೀತು ಅಂತ ಮಾತ್ರ. ಅದಕ್ಕಿಂತ ಕೆಟ್ಟದ್ದು ಇದೆ ಅಂತ ಆಮೇಲೆ ತಿಳಿಯಿತು. ಆ ಪ್ರೆಶರಿನಲ್ಲಿ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ತಕ್ಷಣ ಆಪರೇಷನ್ ಆಗದಿದ್ದರೆ ಬೆರಳು, ಕೈ ಕತ್ತರಿಸುವ ಮಟ್ಟಕ್ಕೆ ಹೋಗಬಹುದು. ಲೀಕ್ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಕೈ ಹಿಡಿಯಬೇಡಿ. ಅಕಸ್ಮಾತ್ ತಾಗಿದರೆ ನೋವಿಲ್ಲ ಅಂತ ಮನೆಯಲ್ಲಿ ಕೂರಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ ಅಂತಲೇ ಹೇಳಿ. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ.

ಶಿವಮೊಗ್ಗದಲ್ಲಿ ಮಣ್ಣು ಅಗೆಯುವ ಮಿಷಿನ್‌ಗಳ ಹೈಡ್ರಾಲಿಕ್ ಕೆಲಸ ಮಾಡುವ ಒಬ್ಬ ಹಿರಿಯರನ್ನು ಕರೆಸಿದೆ. ಅವರು ಬಂದು ಕೇಳಿದ ಮೊದಲ ಪ್ರಶ್ನೆ, "ಗೇಜ್ ಎಲ್ಲಿ?" ಆಗ ನೋಡಿದೆ, ಪ್ರೆಶರ್ ಗೇಜ್ ಇದ್ದ ಜಾಗಕ್ಕೆ ಪ್ಲಗ್ ಜಡಿದಿದ್ದಾರೆ. ಅವರು ತಮ್ಮ ಗೇಜ್ ಕೂರಿಸಿ ಲಿವರ್ ಹಿಡಿದರು. ಮುಳ್ಳು 250 ದಾಟಿ ಕೊನೆಗೆ ತಾಗಿತು, ಅವರು ತಟ್ಟನೆ ಕೈ ಬಿಟ್ಟರು. ಅವರ ಮುಖ ಕೆಂಪಾಯಿತು. "ಯಾರು ಸ್ವಾಮಿ ಇದನ್ನು ಮಾಡಿದ್ದು?" ಅಂದರು.

ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. 90 ಎಂಎಂ ಸಿಲಿಂಡರಿನ ವಿಸ್ತೀರ್ಣ 63.6 ಚದರ ಸೆಂಟಿಮೀಟರ್. ಕಂಪನಿ ಇಟ್ಟ ಪ್ರೆಶರ್ ಚದರ ಸೆಂಟಿಮೀಟರಿಗೆ 190 ಕೆಜಿ. ಎರಡನ್ನೂ ಗುಣಿಸಿದರೆ 12 ಟನ್. ಅದೇ ಸಿಲಿಂಡರಿನಿಂದ 20 ಟನ್ ಬೇಕು ಅಂದರೆ 314 ಕೆಜಿ ಪ್ರೆಶರ್ ಬೇಕು. ಹೋಸ್ ಮೇಲೆ ಅಚ್ಚಾಗಿರುವುದು 275 ಬಾರ್, ಅಂದರೆ ಸುಮಾರು 280 ಕೆಜಿ. ಪಂಪ್ ದೊಡ್ಡದು ಹಾಕಿದರೆ ವೇಗ ಬದಲಾಗುತ್ತದೆ, ಟನ್ ಬದಲಾಗುವುದಿಲ್ಲ. ಟನ್ ಏರಿಸಲು ಆತ ಮಾಡಿದ್ದು ಒಂದೇ ಕೆಲಸ: ರಿಲೀಫ್ ವಾಲ್ವಿನ ಬೋಲ್ಟ್ ತಿರುಗಿಸಿ ಬಿಗಿ ಮಾಡಿದ್ದು. ಆ ವಾಲ್ವ್ ಇರುವುದೇ ಪ್ರೆಶರ್ ಮಿತಿ ಮೀರದ ಹಾಗೆ ಕಾಯೋಕೆ. ಕಾವಲುಗಾರನನ್ನೇ ಕಟ್ಟಿಹಾಕಿದ್ದ. ಕತ್ತಿಯ ಬುಡದ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕೂ ಬಿದ್ದಿತ್ತು.

ಹಾಗಾದರೆ ಮೊದಲು ಇದ್ದ ತೊಂದರೆ ಏನು? ನೀರು ಸೇರಿದ ಆಯಿಲ್, ಮತ್ತು ಕೊಳೆ ಕಟ್ಟಿದ ಸಕ್ಷನ್ ಜಾಲರಿ. ಪಂಪಿಗೆ ಆಯಿಲ್ ಎಳೆಯೋಕೆ ಆಗದೆ ಕೀಂ ಅಂತಿತ್ತು. ಟ್ಯಾಂಕ್ ಖಾಲಿ ಮಾಡಿ, ಒರೆಸಿ, ಜಾಲರಿ ತೊಳೆದು, ಹೊಸ ಆಯಿಲ್ ಮತ್ತು ರಿಟರ್ನ್ ಫಿಲ್ಟರ್ ಹಾಕಿದ್ದರೆ ಮುಗಿಯುತ್ತಿತ್ತು. ಐದು ಸಾವಿರದ ಒಳಗಿನ ಕೆಲಸ. ಅರ್ಧ ದಿನ.

ಮರುದಿನವೇ ವರ್ಕ್‌ಶಾಪಿಗೆ ಹೋದೆ. ಒಳಗೆ ಕಪಾಟಿನ ಮೇಲೆ ನನ್ನ ಪಂಪ್ ಕೂತಿತ್ತು. ನನ್ನದೇ. ಬೋಲ್ಟ್ ಸಡಿಲ ಆದರೆ ತಿಳಿಯಲಿ ಅಂತ ಹೆಂಡತಿಯ ನೇಲ್ ಪಾಲಿಶ್‌ನಲ್ಲಿ ನಾಲ್ಕು ಬೋಲ್ಟಿಗೂ ಕೆಂಪು ಗೆರೆ ಎಳೆದಿದ್ದೆ. ಗೆರೆ ಹಾಗೇ ಇತ್ತು, ಯಾರೂ ಬಿಚ್ಚಿಯೇ ಇಲ್ಲ. ಗೇರ್ ಸವೆದಿದೆ ಅಂದವನು ಪಂಪ್ ತೆರೆದೇ ನೋಡಿರಲಿಲ್ಲ. ಅಲ್ಲಿ ನಿಂತು ಆ ಗೆರೆ ನೋಡಿದಾಗ ನನಗಾದ ಸಿಟ್ಟು, ಅವಮಾನ ಹೇಳೋಕೆ ಬರಲ್ಲ. ಕಣ್ಣಲ್ಲಿ ನೀರು ಬಂತು.

"ಇದು ನನ್ನ ಪಂಪ್" ಅಂದೆ.

"ಅದು ಬೇರೆ ಪಾರ್ಟಿದು."

"ಕೆಂಪು ಗೆರೆ ನಾನೇ ಎಳೆದದ್ದು."

"ನೇಲ್ ಪಾಲಿಶ್ ಎಲ್ಲರ ಮನೆಯಲ್ಲೂ ಇರುತ್ತೆ ಗೌಡ್ರೇ."

ನೇಲ್ ಪಾಲಿಶ್ ಅಂತ ನಾನು ಹೇಳಿರಲೇ ಇಲ್ಲ. ಅದನ್ನು ಹೇಳಿದ ಮೇಲೆ ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಬೇಕಾದ್ರೆ ಎಂಟು ಸಾವಿರ ಕೊಟ್ಟು ತಗೊಂಡು ಹೋಗಿ" ಅಂದ. ಕೊಯ್ಲಿನ ಮಧ್ಯ, ಮನೆಯಲ್ಲಿ ಅಡಿಕೆ ರಾಶಿ ಬಿದ್ದಿದೆ. ನನ್ನ ಪಂಪ್ ನಾನೇ ಎಂಟು ಸಾವಿರ ಕೊಟ್ಟು ತಂದೆ. ಹೌದು, ಕೊಟ್ಟೆ.

ಮಿಷಿನ್ ಮಾರಿದ ಅಂಗಡಿಯವರು, ರಿಲೀಫ್ ವಾಲ್ವ್ ಮುಟ್ಟಿದ ಮೇಲೆ ನಮಗೆ ಸಂಬಂಧ ಇಲ್ಲ ಅಂದರು. ಅವರ ಮೇಲೆ ಸಿಟ್ಟು ಮಾಡೋಕೆ ಆಗಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕೇಳಿದ್ದು ಬಿಲ್. ನನ್ನ ಹತ್ತಿರ ಇರುವುದು ಬಿಳಿ ಚೀಟಿ.

ಅದಕ್ಕೆ ಹೇಳುವುದು: ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಬಿಚ್ಚಿದ ಸಾಮಾನು ಮೊದಲು ನಿಮ್ಮ ಗಾಡಿಗೆ ಹಾಕಿಸಿ, ಆಮೇಲೆ ದುಡ್ಡು. ಗೇಜ್ ತೋರಿಸದವನಿಗೆ ರಿಲೀಫ್ ವಾಲ್ವ್ ಮುಟ್ಟೋಕೆ ಬಿಡಬೇಡಿ. ಮಳೆಗಾಲ ಮುಗಿದ ಮೇಲೆ ಆಯಿಲ್ ಬಣ್ಣ ನೋಡಿ, ಬೆಳ್ಳಗಿದ್ದರೆ ಮಿಷಿನ್ ಚಾಲೂ ಮಾಡಲೇಬೇಡಿ. ಟನ್ ಜಾಸ್ತಿ ಮಾಡಿಕೊಡುತ್ತೇನೆ ಅನ್ನುವವನ ಅಂಗಡಿ ಮೆಟ್ಟಿಲು ಹತ್ತಬೇಡಿ.

ಈಗ ಹಳೇ ಪಂಪ್ ಕೂರಿಸಿ, ಹೊಸ ಹೋಸ್ ಹಾಕಿ, ಪ್ರೆಶರ್ 190ಕ್ಕೆ ಇಳಿಸಿ ಆ ಹಿರಿಯರೇ ಸರಿ ಮಾಡಿ ಕೊಟ್ಟಿದ್ದಾರೆ. ಗೇಜ್ ವಾಪಸ್ ಬಂದಿದೆ. ಸಿಂಗಲ್ ಫೇಸ್ ಮೋಟಾರ್ ಮಾತ್ರ ಸಿಗಲಿಲ್ಲ, ಮಾರಿ ಆಯ್ತು ಅಂದ. ಬೂದು ಬಣ್ಣದ್ದು, 3 ಎಚ್‌ಪಿ, ಫ್ಯಾನ್ ಕವರ್ ಮೇಲೆ ಎಡಗಡೆ ಹೆಬ್ಬೆರಳಷ್ಟು ನೆಗ್ಗು ಇದೆ. ಅಕ್ಟೋಬರ್ ಆದಮೇಲೆ ನಮ್ಮ ಕಡೆ ಯಾರಾದರೂ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ದಯವಿಟ್ಟು ತಿಳಿಸಿ. ನೀವು ಕೊಟ್ಟ ದುಡ್ಡು ನಾನು ಕೊಡುತ್ತೇನೆ.