ಫುಲ್ ಆಟೋಮ್ಯಾಟಿಕ್ ಮಾರಿದೆ, ಸೆಮಿ ಇಟ್ಟುಕೊಂಡೆ: ರಟ್ಟಿನ ಬಾಕ್ಸ್ ಎಬ್ಬಿಸುವ ಮೆಷಿನ್‌ಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೆಮಿ ಆಟೋಮ್ಯಾಟಿಕ್‌ಗೆ. ಹತ್ತಿರ ಹತ್ತಿರ ಮೂರೂವರೆ ಲಕ್ಷ ಕೊಟ್ಟು ತಂದ ಫುಲ್ ಆಟೋಮ್ಯಾಟಿಕ್ ಮೆಷಿನನ್ನು ಏಳೇ ತಿಂಗಳಲ್ಲಿ ಮಾರಿದವನು ನಾನು. ಹಾಗಾಗಿ ತಕ್ಕಡಿ ಹಿಡಿದು ತೂಗಿದ ಹೋಲಿಕೆ ಬೇಕಿದ್ದವರು ಬೇರೆ ಕಡೆ ಹುಡುಕಬಹುದು. ಇದು ಕೈ ಸುಟ್ಟುಕೊಂಡವನ ಲೆಕ್ಕ.

ನಮ್ಮದು ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಸಣ್ಣ ಯೂನಿಟ್. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾರಿನ ಪುಡಿ. ದಿನಕ್ಕೆ ಸುಮಾರು 300 ಬಾಕ್ಸ್ ಹೋಗುತ್ತದೆ. ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, 600ರ ತನಕ ಏರುತ್ತದೆ. ಒಟ್ಟು ನಾಲ್ಕು ಸೈಜು. ಹಪ್ಪಳಕ್ಕೆ ಮೂರು ಪ್ಲೈ (ಅಂದರೆ ಮೂರು ಪದರದ ರಟ್ಟು), ಉಪ್ಪಿನಕಾಯಿ ಬಾಟಲಿಗೆ ಐದು ಪ್ಲೈ. ಬಾಕ್ಸ್ ಬರುವುದು ಚಪ್ಪಟೆ ರಟ್ಟಾಗಿ, 25ರ ಕಟ್ಟಿನಲ್ಲಿ. ಅದನ್ನು ಎಬ್ಬಿಸಿ, ಕೆಳಗಿನ ನಾಲ್ಕು ಫ್ಲಾಪ್ ಮಡಿಚಿ, ಟೇಪ್ ಹಾಕಿ, ತುಂಬುವವರ ಮುಂದಿಡಬೇಕು. ಇಷ್ಟೇ ಕೆಲಸ. ಇಷ್ಟಕ್ಕೇ ನಾನು ಎರಡು ವರ್ಷ ತಲೆ ಕೆಡಿಸಿಕೊಂಡೆ.

ಕೈಯಲ್ಲಿ ಮಾಡುವುದನ್ನು ಯಾರೂ ಹಗುರವಾಗಿ ನೋಡಬೇಡಿ. ನಮ್ಮಲ್ಲಿ ಹನ್ನೊಂದು ವರ್ಷದಿಂದ ಇರುವ ಒಬ್ಬರು ಅಕ್ಕ ಇದ್ದಾರೆ. ಟೇಪ್ ಗನ್ ಹಿಡಿದರೆ ನಿಮಿಷಕ್ಕೆ ಮೂರು ಬಾಕ್ಸ್, ಕೆಲವೊಮ್ಮೆ ನಾಲ್ಕು. 300 ಬಾಕ್ಸ್‌ಗೆ ಎರಡು ಗಂಟೆ ಸಾಕು. ಹಾಗಾದರೆ ಮೆಷಿನ್ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಎರಡು ಕಾರಣ. ಸೀಸನ್‌ನಲ್ಲಿ ಅವರ ಮಣಿಕಟ್ಟು ಊದಿಕೊಳ್ಳುತ್ತಿತ್ತು, ಬೇರೆಯವರು ಕೂತರೆ ಅರ್ಧದಷ್ಟೂ ಆಗುತ್ತಿರಲಿಲ್ಲ. ಇನ್ನೊಂದು, ಕೈಯಲ್ಲಿ ಹಾಕಿದ ಟೇಪ್ ಒಂದೊಂದು ಒಂದೊಂದು ತರ. ಗಲ್ಫ್‌ಗೆ ಹೋಗುವ ಲೋಡಿನಲ್ಲಿ ಒಮ್ಮೆ ಒಂಬತ್ತು ಬಾಕ್ಸ್‌ಗಳ ಅಡಿ ಬಿಚ್ಚಿಕೊಂಡಿತ್ತು. ಎಣ್ಣೆಗೈ ಮುಟ್ಟಿದ ರಟ್ಟಿಗೆ ಟೇಪ್ ಹಿಡಿಯುವುದಿಲ್ಲ, ಉಪ್ಪಿನಕಾಯಿ ಸೆಕ್ಷನ್‌ನಲ್ಲಿ ಎಣ್ಣೆಗೈ ಇಲ್ಲದವರು ಯಾರು? ಫೋಟೋ ಬಂತು, ಬಿಲ್ಲಿನಲ್ಲಿ ಕಡಿತವೂ ಬಂತು.

ಟೇಪಿನ ಖರ್ಚನ್ನೂ ಅದೇ ವಾರ ಕೂತು ಲೆಕ್ಕ ಹಾಕಿದೆ. ನಮ್ಮ ದೊಡ್ಡ ಬಾಕ್ಸ್ 40 ಸೆಂಟಿಮೀಟರ್ ಉದ್ದ. ಕೈಯಲ್ಲಿ ಹಾಕುವಾಗ ಎರಡೂ ಬದಿ 12, 12 ಸೆಂಟಿಮೀಟರ್ ಮೇಲೆ ಹತ್ತಿಸುತ್ತಾರೆ. 65 ಮೀಟರ್ ರೋಲಿಗೆ ನೂರು ಬಾಕ್ಸ್, ಅಷ್ಟೇ. ಮೆಷಿನ್ ಆದರೆ ಬದಿಗೆ 6 ಸೆಂಟಿಮೀಟರ್. ಅದರ ರೋಲ್ 650 ಮೀಟರ್ ಬರುತ್ತದೆ, 1,250 ಬಾಕ್ಸ್ ಆಗುತ್ತದೆ. ರೋಲ್ ಬದಲಿಸಲು ಏಳುವ ರಗಳೆಯೂ ಕಡಿಮೆ.

ಹೀಗೆ ತಲೆಯಲ್ಲಿ ಮೆಷಿನ್ ಹೊಕ್ಕಿತು. ಹೊಕ್ಕಿದ್ದು ದೊಡ್ಡದೇ.

ಸೆಕೆಂಡ್ ಹ್ಯಾಂಡ್ ಫುಲ್ ಆಟೋಮ್ಯಾಟಿಕ್ ಕಾರ್ಟನ್ ಇರೆಕ್ಟರ್, ಅಂದರೆ ಬಾಕ್ಸ್ ಎಬ್ಬಿಸುವ ಮೆಷಿನ್. 3.4 ಲಕ್ಷ. ಜೊತೆಗೆ ಕಂಪ್ರೆಸರ್‌ಗೆ 38 ಸಾವಿರ. ಬೆಂಗಳೂರಿನಲ್ಲಿ ಅದು ಓಡುವುದನ್ನು ನೋಡಿ ನಾನು ಮರುಳಾದೆ, ಸುಳ್ಳು ಯಾಕೆ ಹೇಳಲಿ. ಒಂದು ಬದಿಯಲ್ಲಿ ಚಪ್ಪಟೆ ರಟ್ಟುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡುತ್ತೀರಿ. ಒಂದು ತೋಳು ಬಂದು ರಬ್ಬರಿನ ಸಕ್ಷನ್ ಕಪ್‌ಗಳಿಂದ ಮುಂದಿನ ರಟ್ಟನ್ನು ಕಚ್ಚಿಕೊಂಡು ಎಳೆಯುತ್ತದೆ. ಎಳೆಯುತ್ತಿದ್ದಂತೆ ರಟ್ಟು ಚೌಕವಾಗಿ ತೆರೆದುಕೊಳ್ಳುತ್ತದೆ. ಸಣ್ಣ ಫ್ಲಾಪ್ ಎರಡು ಮಡಿಚುತ್ತವೆ, ಅವುಗಳ ಹೊರಗಿಂದ ದೊಡ್ಡದೆರಡು. ಬೆಲ್ಟ್ ತಳ್ಳಿಕೊಂಡು ಹೋಗುತ್ತದೆ, ಕೆಳಗಿಂದ ಟೇಪ್ ಬಿದ್ದಿರುತ್ತದೆ. ನಿಮಿಷಕ್ಕೆ ಹತ್ತು. ಅಲ್ಲಿ ಒಬ್ಬ ಹುಡುಗ ಮೊಬೈಲ್ ನೋಡುತ್ತಾ ನಿಂತಿದ್ದ. ಆ ಮೊಬೈಲ್ ನೋಡಿಯೇ ನಾನು ಅಡ್ವಾನ್ಸ್ ಕೊಟ್ಟಿದ್ದು.

ಏಪ್ರಿಲ್‌ನಲ್ಲಿ ನಮ್ಮಲ್ಲೂ ಹಾಗೇ ಓಡಿತು. ನಿಮಿಷಕ್ಕೆ ಎಂಟು. ಊರಿಡೀ ಹೇಳಿಕೊಂಡು ಬಂದೆ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಅಲ್ಲಿಂದ ಶುರು.

ಮೊದಲು ಏಳೆಂಟು ಬಾಕ್ಸ್‌ಗೆ ಒಂದು ತಪ್ಪುತ್ತಿತ್ತು. ತೋಳು ಬರುತ್ತದೆ, ಕಪ್ ರಟ್ಟಿಗೆ ಒತ್ತುತ್ತದೆ, 'ಟಸ್ಸ್' ಅಂತ ಗಾಳಿ ಸೋರುವ ಸದ್ದು, ತೋಳು ಬರಿಗೈಯಲ್ಲಿ ವಾಪಸ್ ಹೋಗುತ್ತದೆ. ಮೆಷಿನ್ ನಿಂತು ಕೆಂಪು ದೀಪ ಹಾಕುತ್ತದೆ. ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಬರುವಾಗ ಪ್ರತಿ ಮೂರನೇ ಬಾಕ್ಸ್‌ಗೆ ಕೆಂಪು ದೀಪ. ಮೆಕ್ಯಾನಿಕ್ ಬಂದರು, ಕಪ್ ಬದಲಿಸಿದರು, 4,200 ಬಿಲ್ ಮಾಡಿದರು. ಎರಡು ದಿನ ಸರಿ ಇತ್ತು.

ಕಡೆಗೆ ನಾನೇ ಒಂದು ಬೆಳಿಗ್ಗೆ ಸ್ಟೂಲ್ ಹಾಕಿ ಮೆಷಿನ್ ಮುಂದೆ ಕೂತೆ. ರಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಅರ್ಥವಾಯಿತು. ಅದು ಅರೆ ಒಣಗಿದ ಹಪ್ಪಳದ ಹಾಗೆ ಬಾಗಿತ್ತು. ಹಪ್ಪಳ ಮಾಡುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ? ನಮ್ಮ ಬಾಕ್ಸ್‌ಗೆ ಹೊರಗೆ ಒಂದು ತರದ ಕಾಗದ, ಒಳಗೆ ಕಡಿಮೆ ಬೆಲೆಯ ಮರುಬಳಕೆ ಕಾಗದ. ಎರಡೂ ಒಂದೇ ಪ್ರಮಾಣದಲ್ಲಿ ತೇವ ಕುಡಿಯುವುದಿಲ್ಲ, ಒಂದೇ ಪ್ರಮಾಣದಲ್ಲಿ ಹಿಗ್ಗುವುದೂ ಇಲ್ಲ. ಜಾಸ್ತಿ ಹಿಗ್ಗಿದ ಬದಿ ಉಬ್ಬುತ್ತದೆ, ರಟ್ಟು ಬಾಗುತ್ತದೆ. ಬಾಗಿದ ರಟ್ಟಿನ ಮೇಲೆ ಸಕ್ಷನ್ ಕಪ್‌ನ ಅಂಚು ಪೂರ್ತಿ ಕೂರುವುದಿಲ್ಲ. ಒಂದು ಕೂದಲೆಳೆಯಷ್ಟು ಸಂದು ಸಾಕು, ವ್ಯಾಕ್ಯೂಮ್ ಹಿಡಿಯುವುದಿಲ್ಲ. ಇದರ ಮೇಲೆ ಮರುಬಳಕೆ ಕಾಗದದ ನಾರು ಪುಡಿ ಪುಡಿಯಾಗಿ ಉದುರುತ್ತದೆ. ಕಪ್ ಅದನ್ನೂ ಎಳೆದುಕೊಳ್ಳುತ್ತದೆ. ಫಿಲ್ಟರ್ ಬಿಚ್ಚಿದರೆ ಒಳಗೆ ಬೂದು ಬಣ್ಣದ ಹತ್ತಿ ತುಂಬಿದ ಹಾಗಿತ್ತು.

ಬಾಗಿದ್ದು ಒಂದು ಕತೆ. ಪಿನ್ ಇನ್ನೊಂದು ಕತೆ. ನಮ್ಮ ಬಾಕ್ಸ್‌ನ ಜಾಯಿಂಟ್, ಅಂದರೆ ರಟ್ಟಿನ ಎರಡು ತುದಿ ಸೇರುವ ಜಾಗ, ಗಮ್ ಅಲ್ಲ, ಪಿನ್ ಹೊಡೆದದ್ದು. ನಮ್ಮ ಕಡೆ ಸಣ್ಣ ಬಾಕ್ಸ್ ತಯಾರಕರು ತುಂಬ ಜನ ಹೀಗೇ ಮಾಡುತ್ತಾರೆ. ಒಂದು ರಟ್ಟಿನ ಪಿನ್ನಿನ ತುದಿ ಪಕ್ಕದ ರಟ್ಟಿನ ಕಾಗದಕ್ಕೆ ಚುಚ್ಚಿಕೊಂಡಿರುತ್ತದೆ. ತೋಳು ಒಂದನ್ನು ಎಳೆದರೆ ಎರಡು ಬರುತ್ತವೆ. ಎರಡು ಬಂದರೆ ಫ್ಲಾಪ್ ಮಡಿಚುವ ಜಾಗದಲ್ಲಿ ಸಿಕ್ಕಿಹಾಕಿಕೊಂಡು ನುಜ್ಜುಗುಜ್ಜು. ಪಿನ್ ಹೊಡೆಯುವಾಗ ರಟ್ಟು ಮೂರ್ನಾಲ್ಕು ಮಿಲಿಮೀಟರ್ ಜರುಗಿದ್ದರಂತೂ ಬಾಕ್ಸ್ ಚೌಕವಾಗಿ ತೆರೆಯುವುದೇ ಇಲ್ಲ, ಗಾಳಿಪಟದ ಹಾಗೆ ಓರೆಯಾಗುತ್ತದೆ. ಇನ್ನು ಕಟ್ಟಿನ ಮೇಲಿನ ರಟ್ಟಿಗೂ ಕೆಳಗಿನ ರಟ್ಟಿಗೂ ಹಗ್ಗ ಬಿಗಿದ ಜಾಗದಲ್ಲಿ ಅಂಚು ಒಳಗೆ ಹೋಗಿರುತ್ತದೆ. ಅವೆರಡನ್ನು ಮೊದಲೇ ತೆಗೆದಿಡಬೇಕು.

ಬಾಕ್ಸ್‌ನವರಿಗೆ ಫೋನ್ ಮಾಡಿದೆ. "ಇಷ್ಟು ವರ್ಷ ಇದೇ ಬಾಕ್ಸ್ ಅಲ್ವಾ ಸರ್, ಯಾವತ್ತೂ ಕಂಪ್ಲೇಂಟ್ ಇರಲಿಲ್ಲ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಗಮ್ ಜಾಯಿಂಟ್ ಬೇಕಾದರೆ ಬಾಕ್ಸ್‌ಗೆ 70 ಪೈಸೆ ಜಾಸ್ತಿ, ಒಂದು ಸೈಜ್‌ಗೆ ಕನಿಷ್ಠ 5,000 ತೆಗೆದುಕೊಳ್ಳಬೇಕು. ನಾಲ್ಕು ಸೈಜ್ ಅಂದರೆ 20,000 ಬಾಕ್ಸ್. ಮಳೆಗಾಲದಲ್ಲಿ ಅಷ್ಟನ್ನು ಎಲ್ಲಿಡುವುದು? ಇಟ್ಟರೆ ಮತ್ತೆ ಬಾಗುತ್ತದೆ.

ಆಗ ಅಕ್ಕ ಏನು ಮಾಡುತ್ತಿದ್ದಾರೆ ಅಂತ ಸರಿಯಾಗಿ ನೋಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ರಟ್ಟು ಕೈಗೆ ತೆಗೆದುಕೊಂಡ ತಕ್ಷಣ ಅವರು ಅದನ್ನು ಎಬ್ಬಿಸುವುದಿಲ್ಲ. ಮೊದಲು ಉಬ್ಬಿದ ಬದಿಯನ್ನು ಮೊಣಕಾಲಿಗೆ ಒಮ್ಮೆ ಒತ್ತುತ್ತಾರೆ. ಆಮೇಲೆ ಮಡಿಕೆಯ ಗೆರೆಯನ್ನು ಉಲ್ಟಾ ಕಡೆಗೆ ಸ್ವಲ್ಪ ಮುರಿಯುತ್ತಾರೆ. ಪಿನ್ ಚುಚ್ಚಿಕೊಂಡಿದ್ದರೆ ಹೆಬ್ಬೆರಳಲ್ಲಿ ಬಿಡಿಸುತ್ತಾರೆ. ಎಲ್ಲ ಸೇರಿ ಎರಡು ಸೆಕೆಂಡ್. "ಮೆಷಿನ್‌ಗೆ ಎಂತ ಗೊತ್ತು ಸರ್ ಯಾವುದು ಬಗ್ಗಿದೆ ಅಂತ" ಅಂದರು. ನನಗೂ ಗೊತ್ತಿರಲಿಲ್ಲ, ಅದನ್ನು ಹೇಳಲಿಲ್ಲ.

ಈ ಮಡಿಕೆಯ ಗೆರೆ ಇದೆಯಲ್ಲ, ಎಲ್ಲ ಇರುವುದೇ ಅದರಲ್ಲಿ. 1879ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಗೇರ್ ಎಂಬವರ ಕಾಗದದ ಚೀಲದ ಕಾರ್ಖಾನೆಯಲ್ಲಿ, ಬರೀ ಗೆರೆ ಒತ್ತಬೇಕಿದ್ದ ಲೋಹದ ಪಟ್ಟಿ ಜಾರಿ ಚೀಲಗಳನ್ನೇ ಕತ್ತರಿಸಿತಂತೆ. ಮಾಲು ಹಾಳಾಯಿತು. ಆದರೆ ಕತ್ತರಿಸುವುದನ್ನೂ ಗೆರೆ ಒತ್ತುವುದನ್ನೂ ಒಟ್ಟಿಗೆ ಮಾಡಬಹುದು ಅಂತ ಅವರಿಗೆ ಹೊಳೆಯಿತು. ಚಪ್ಪಟೆಯಾಗಿ ಬಂದು ಬೇಕಾದಾಗ ಎದ್ದು ನಿಲ್ಲುವ ಡಬ್ಬ ಶುರುವಾದದ್ದು ಅಲ್ಲಿಂದ. ನನ್ನ ಕಾರ್ಖಾನೆಯಲ್ಲೂ ಮಾಲು ಹಾಳಾಯಿತು, ಹೊಳೆದದ್ದು ಮಾತ್ರ ಅಷ್ಟು ದೊಡ್ಡದಲ್ಲ.

ಫುಲ್ ಆಟೋಮ್ಯಾಟಿಕ್‌ನ ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈಜ್ ಬದಲಿಸಲು ಐದು ನಿಮಿಷ ಅಂತ ಮಾರುವಾಗ ಹೇಳಿದ್ದರು, ನಮ್ಮ ಹುಡುಗರಿಗೆ 25 ನಿಮಿಷ. ದಿನಕ್ಕೆ ನಾಲ್ಕು ಸೈಜ್ ಇರುವವನಿಗೆ ಇದು ಸಾಕಪ್ಪಾ ಸಾಕು. ಗಾಳಿಯಿಂದಲೇ ವ್ಯಾಕ್ಯೂಮ್ ಮಾಡುವ ಮಾದರಿ ಅದು, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು. ನಮ್ಮ ಕರಾವಳಿ ಗಾಳಿಯಲ್ಲಿ ಕಂಪ್ರೆಸರ್ ಟ್ಯಾಂಕ್‌ನಿಂದ ದಿನಾ ನೀರು ಬಸಿಯಬೇಕು. ಒಂದು ದಿನ ಮರೆತರೆ ವಾಲ್ವ್‌ಗೆ ನೀರು. ಸದ್ದಿನ ಬಗ್ಗೆ ಪಕ್ಕದ ಶೆಡ್‌ನವರನ್ನು ಕೇಳಿ.

ಈಗ ಸೆಮಿ. ಇದರಲ್ಲಿ ರಟ್ಟು ಎಬ್ಬಿಸುವುದು ಮನುಷ್ಯರೇ. ಒಂದು ಕಬ್ಬಿಣದ ಚೌಕಟ್ಟಿನ ಮೇಜು. ತೆರೆದ ಬಾಕ್ಸನ್ನು ಅದರೊಳಗೆ ಇಳಿಸಿದರೆ ಸಣ್ಣ ಫ್ಲಾಪ್‌ಗಳು ತಗಡಿಗೆ ತಾಗಿ ತಾವೇ ಮಡಿಚಿಕೊಳ್ಳುತ್ತವೆ. ದೊಡ್ಡದನ್ನು ಕೈಯಲ್ಲಿ ಮಡಿಚಿ ಮುಂದಕ್ಕೆ ತಳ್ಳಿದರೆ ಎರಡು ಬದಿಯ ಬೆಲ್ಟ್ ಹಿಡಿದುಕೊಂಡು ಹೋಗುತ್ತದೆ, ಅಡಿಗೆ ಟೇಪ್ ಬೀಳುತ್ತದೆ. ಟೇಪಿಂಗ್ ಮೆಷಿನ್‌ಗೆ 78 ಸಾವಿರ ಆಯಿತು. ಮೇಜನ್ನು ಇಲ್ಲೇ ಫ್ಯಾಬ್ರಿಕೇಶನ್‌ನವರಿಂದ 9 ಸಾವಿರಕ್ಕೆ ಮಾಡಿಸಿದೆ. ಮನೆಯ ಕರೆಂಟೇ ಸಾಕು. ಕಂಪ್ರೆಸರ್ ಬೇಡ.

ನಿಮಿಷಕ್ಕೆ ಆರು ಬಾಕ್ಸ್. ಒಬ್ಬರೇ ಮಾಡುತ್ತಾರೆ, ಅದೂ ಮಣಿಕಟ್ಟು ನೋಯಿಸಿಕೊಳ್ಳದೆ. ಬಾಗಿದ ರಟ್ಟಿಗೆ ಅಕ್ಕನ ಮೊಣಕಾಲು ಇದೆ, ನೇರ ಟೇಪಿಗೆ ಮೆಷಿನ್ ಇದೆ. ಸೈಜ್ ಬದಲಿಸಲು ಹ್ಯಾಂಡಲ್ ತಿರುಗಿಸಿದರೆ ಎರಡು ನಿಮಿಷ. ಮೇಜಿನ ತಗಡಿಗೆ ನಾಲ್ಕು ಬಣ್ಣದ ಗುರುತು ಹಾಕಿದ್ದೇವೆ, ಹಳದಿ ಅಂದರೆ ಹಪ್ಪಳ.

ತೊಂದರೆ ಇಲ್ಲ ಅಂತಲ್ಲ. ಟೇಪ್ ಕತ್ತರಿಸುವ ಬ್ಲೇಡ್‌ಗೆ ಅಂಟು ಮೆತ್ತಿಕೊಂಡು ಮೊಂಡಾಗುತ್ತದೆ. ವಾರಕ್ಕೊಮ್ಮೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು, ಹುಷಾರಾಗಿ. ನನ್ನ ಹೆಬ್ಬೆರಳಲ್ಲಿ ಇನ್ನೂ ಗುರುತು ಇದೆ. ಸಾರಿನ ಪುಡಿಯ ಗಿಡ್ಡ ಬಾಕ್ಸನ್ನು ಬೆಲ್ಟ್ ಸರಿಯಾಗಿ ಹಿಡಿಯುವುದಿಲ್ಲ, ಅದು ಈಗಲೂ ಟೇಪ್ ಗನ್‌ನಲ್ಲೇ.

ಮೆಷಿನ್ನೇ ಬೇಡದ ಇನ್ನೊಂದು ದಾರಿಯೂ ಇದೆ. ಆಟೋ ಲಾಕ್ ಬಾಟಮ್ ಬಾಕ್ಸ್. ಅಡಿಯನ್ನು ಮೊದಲೇ ಗಮ್ ಹಾಕಿ ಮಡಿಚಿರುತ್ತಾರೆ. ಎರಡು ಮೂಲೆ ಒತ್ತಿದರೆ 'ಟಕ್' ಅಂತ ಅಡಿ ಕೂತುಬಿಡುತ್ತದೆ. ನೋಡಲು ಮಕ್ಕಳಾಟ. ಆದರೆ ನಮಗೆ ಬಾಕ್ಸ್‌ಗೆ ಆರು ರೂಪಾಯಿ ಜಾಸ್ತಿ ಬಿತ್ತು, ರಟ್ಟು ಕತ್ತರಿಸುವ ಅಚ್ಚಿನ (ಡೈ) ಖರ್ಚು ಬೇರೆ. ಬಾಟಲಿ ತುಂಬಿದ ಹತ್ತು ಹನ್ನೊಂದು ಕಿಲೋದ ಬಾಕ್ಸ್‌ಗೆ ನಾನು ಅದನ್ನು ನಂಬಲಿಲ್ಲ. ಅಡಿಗೆ ಮತ್ತೆ ಟೇಪ್ ಹಾಕುವುದಾದರೆ ಸುಮ್ನೆ ಯಾಕೆ? ಕೊರಿಯರ್‌ನಲ್ಲಿ ಹೋಗುವ ಎರಡು ಕಿಲೋ ಗಿಫ್ಟ್ ಪ್ಯಾಕ್‌ಗೆ ಮಾತ್ರ ಇಟ್ಟುಕೊಂಡಿದ್ದೇವೆ. ದಿನಕ್ಕೆ ಇಪ್ಪತ್ತು ಮೂವತ್ತು ಬಾಕ್ಸ್ ಕಳಿಸುವವರು ಮೆಷಿನ್ ಕಡೆ ತಲೆಯೇ ಹಾಕಬೇಡಿ, ಇದನ್ನೇ ತೆಗೆದುಕೊಳ್ಳಿ.

ಬಿಸಿ ಗಮ್ಮಿನಲ್ಲಿ ಟ್ರೇ ಮಾಡುವ ಮೆಷಿನನ್ನೂ ಭಾವನ ಒತ್ತಾಯಕ್ಕೆ ನೋಡಿ ಬಂದೆ. ಗಮ್ ಕಾಯಲು ಬೆಳಿಗ್ಗೆ ಅರ್ಧ ಗಂಟೆ ಬೇಕು. ಅಲ್ಲಿಗೇ ಕೈಬಿಟ್ಟೆ.

ಹಾಗಂತ ಫುಲ್ ಆಟೋಮ್ಯಾಟಿಕ್ ಕೆಟ್ಟ ಮೆಷಿನ್ ಅಲ್ಲ ಮಾರಾಯ್ರೇ. ನನ್ನದನ್ನು 2.3 ಲಕ್ಷಕ್ಕೆ ಹುಬ್ಬಳ್ಳಿ ಕಡೆಯವರೊಬ್ಬರು ತೆಗೆದುಕೊಂಡು ಹೋದರು. ಅವರದ್ದು ಒಂದೇ ಸೈಜ್, ಗಮ್ ಜಾಯಿಂಟ್, ದಿನಕ್ಕೆ 2,000 ಬಾಕ್ಸ್. ಅಲ್ಲಿಯ ಒಣ ಹವೆಗೆ ರಟ್ಟು ನೆಟ್ಟಗೆ ನಿಲ್ಲುತ್ತದೆ. ಮೊನ್ನೆ ವಿಡಿಯೋ ಕಳಿಸಿದ್ದರು, ಒಂದೂ ಕೆಂಪು ದೀಪ ಇಲ್ಲದೆ ಓಡುತ್ತಿದೆ. ಸ್ವಲ್ಪ ಹೊಟ್ಟೆ ಉರಿಯಿತು. ನೀವೂ ಅವರ ತರಹದವರಾದರೆ ಅದನ್ನೇ ಕೊಳ್ಳಿ. ಆದರೆ ಮೆಷಿನ್ ನೋಡಲು ಹೋಗುವಾಗ ನಿಮ್ಮದೇ ಬಾಕ್ಸ್ ಎರಡು ಕಟ್ಟು ಹೊತ್ತುಕೊಂಡು ಹೋಗಿ. ಅದೂ ಜುಲೈ ತಿಂಗಳದ್ದು. ಅವರು ಇಟ್ಟಿರುವ ಚಂದದ ಬಾಕ್ಸ್‌ನಲ್ಲಿ ಯಾವ ಮೆಷಿನ್ ಬೇಕಾದರೂ ಓಡುತ್ತದೆ.

ಕಂಪ್ರೆಸರ್ ಅವರಿಗೆ ಬೇಕಿರಲಿಲ್ಲ, ಇಲ್ಲೇ ಉಳಿಯಿತು. ಈಗ ಬೆಲ್ಟಿನ ಧೂಳು ಊದಲು ಬಳಸುತ್ತೇವೆ. ಸಂಜೆ ಮನೆಗೆ ಹೊರಡುವಾಗ ಅಕ್ಕ ಅವರ ಸ್ಕೂಟಿಗೂ ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಾರೆ. 38 ಸಾವಿರದ ಗಾಳಿ.