ಐದು ಭಾನುವಾರ, ಆರು ಸಾವಿರ ರೂಪಾಯಿ: ಮೈಸೂರಿನ ಒಂದು ಬ್ಲಾಗಿಂಗ್ ತರಗತಿಗೆ ಹೋಗಿಬಂದೆ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ನಾಲ್ಕನೇ ಭಾನುವಾರಕ್ಕೆ. ಉಳಿದ ಅರ್ಧ ಮಧ್ಯಾಹ್ನ ಕೊಡುತ್ತಿದ್ದ ಮಸಾಲೆ ಮಜ್ಜಿಗೆಗೆ.

ತರಗತಿಯ ಹೆಸರು ಹಾಕುವುದಿಲ್ಲ. ಮೈಸೂರಿನಲ್ಲಿ ಇಂಥವು ಈಗ ಬೇಕಾದಷ್ಟಿವೆ. 'ಬ್ಲಾಗ್ ಬರೆಯಿರಿ, ಬಿಸಿನೆಸ್ ಬೆಳೆಸಿರಿ' ಅಂತ ಪಾಂಪ್ಲೆಟ್ ಹಂಚುತ್ತಾರಲ್ಲ, ಅಂಥದ್ದೇ ಒಂದು. ಕುವೆಂಪುನಗರದಲ್ಲಿ ಮಹಡಿ ಮೇಲಿನ ಹಾಲ್. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಫೀಸು 6,000.

ನಮ್ಮದು ಪಾಂಡವಪುರದ ಕಡೆ ಹಳ್ಳಿ. ಮನೆಗೆ ಸೇರಿದಂತೆ ಆಲೆಮನೆ ಇದೆ, ಮಾವನ ಕಾಲದ್ದು. ನಾನು ಬಿ.ಕಾಂ. ಓದಿ ಸೊಸೆಯಾಗಿ ಬಂದವಳು. ಒಂದು ಸಲ ಮಂಡಿಯಲ್ಲಿ ಬೆಲ್ಲದ ರೇಟು ಕುಸಿದು, ಹಾಕಿದ ದುಡ್ಡೂ ಹುಟ್ಟಲಿಲ್ಲ. ಆಗ ಗೊತ್ತಿದ್ದವರಿಗೆಲ್ಲ ವಾಟ್ಸಾಪಿನಲ್ಲಿ ಬೆಲ್ಲ ಮಾರೋಕೆ ಶುರು ಮಾಡಿದೆ. ಆಮೇಲೆ ಯಾರೋ ಹೇಳಿದರು ಅಂತ ಒಂದು ಬ್ಲಾಗನ್ನೂ ಮಾಡಿದೆ. ಗೂಗಲ್‌ನ ಬ್ಲಾಗರ್, ಪುಕ್ಕಟೆ ಸಿಗೋದು.

ಆ ಬ್ಲಾಗಲ್ಲಿ ಏನಿತ್ತು ಅಂತ ಕೇಳಿ. ಯುಗಾದಿ ಶುಭಾಶಯ. ಕೆಆರ್‌ಎಸ್ ತುಂಬಿದಾಗ ತೆಗೆದ ಫೋಟೊ. ಬೆಲ್ಲ ತಿಂದರೆ ರಕ್ತ ಹೆಚ್ಚುತ್ತೆ ಅಂತ ಅಲ್ಲಿ ಇಲ್ಲಿ ನೋಡಿ ಬರೆದದ್ದು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಓದುವ ಟಿಪ್ಸ್, ಇದು ಯಾಕೆ ಬರೆದೆನೋ ದೇವರಿಗೇ ಗೊತ್ತು. ಒಟ್ಟು 34 ಬರಹ. ಮಾರುವ ಸಾಮಾನೂ ಹಾಗೇ ಬೆಳೆದಿತ್ತು. ಬೆಲ್ಲದ ಜೊತೆ ಜೇನುತುಪ್ಪ, ರಾಗಿ ಹಿಟ್ಟು, ಹಪ್ಪಳ, ಚಟ್ನಿಪುಡಿ, ಕೊನೆಗೆ ಬಟ್ಟೆ ಬ್ಯಾಗು. ದಿನಕ್ಕೆ ಮೂವತ್ತು ಜನ ಬಂದು ನೋಡುತ್ತಿದ್ದರು. ಅದರಲ್ಲಿ ಆರೇಳು ಜನ ನಮ್ಮ ನೆಂಟರೇ.

ಎತ್ತ ಹೋಗ್ತಿದ್ದೀನಿ ಅಂತ ನನಗೇ ತಿಳಿಯದೆ ಈ ತರಗತಿಗೆ ಸೇರಿದ್ದು. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ಖರ್ಚಿಲ್ಲ. ಇಲ್ಲದಿದ್ದರೆ ಸೇರುತ್ತಿದ್ದೆನೋ ಇಲ್ಲವೋ.

ಮೊದಲ ಭಾನುವಾರ ಹದಿನಾಲ್ಕು ಜನ ಇದ್ದೆವು. ಅಗರಬತ್ತಿ ಮಾಡುವವರು, ಸೀರೆಗೆ ಕುಚ್ಚು ಹಾಕುವ ಇಬ್ಬರು ಅಕ್ಕತಂಗಿಯರು, ಇಡ್ಲಿ ಹಿಟ್ಟು ಮಾರುವ ಒಬ್ಬ ಹುಡುಗ, ನಂಜನಗೂಡಿನ ಕಡೆ ರಸಬಾಳೆ ಬೆಳೆಯುವ ಒಬ್ಬರು. ಸರ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಒಂದರೊಳಗೊಂದು ಮೂರು ಸುತ್ತು. ನಡುವೆ 'ನಿಮ್ಮ ಬಿಸಿನೆಸ್‌ನ ಉದ್ದೇಶ ಏನು?' ಅಂತ ಇತ್ತು. ಅರ್ಧ ಗಂಟೆ ಕಣ್ಣು ಮುಚ್ಚಿ ಯೋಚಿಸಿ ಬರೆಯಬೇಕಂತೆ. ನಾನು 'ರೈತರಿಗೆ ನ್ಯಾಯವಾದ ಬೆಲೆ, ಗ್ರಾಹಕರಿಗೆ ಆರೋಗ್ಯ' ಅಂತ ಬರೆದೆ. ಹೆಚ್ಚುಕಡಿಮೆ ಎಲ್ಲರೂ ಸಮಾಜಸೇವೆಯನ್ನೇ ಬರೆದಿದ್ದರು. ರಸಬಾಳೆಯವರು ಮಾತ್ರ 'ಸಾಲ ತೀರಬೇಕು' ಅಂತ ಓದಿದರು. ಎಲ್ಲರೂ ನಕ್ಕರು. ಸರ್ ನಗಲಿಲ್ಲ, ಇನ್ನೂ ಆಳವಾಗಿ ಯೋಚಿಸಿ ಅಂದರು. ನನಗೇನೋ ಇಡೀ ಹಾಲಿನಲ್ಲಿ ನಿಜ ಬರೆದವರು ಅವರೊಬ್ಬರೇ ಅನ್ನಿಸಿತು. ಎಷ್ಟು ಸಾಲ, ಯಾವಾಗ ತೀರಬೇಕು, ಎಷ್ಟು ಗೊನೆ ಹೋಗಬೇಕು, ಎಲ್ಲ ಲೆಕ್ಕ ಅವರ ಬಾಯಲ್ಲೇ ಇತ್ತು.

ಎರಡನೇ ಭಾನುವಾರ ಲೋಗೊ, ಬಣ್ಣ, ಹೆಸರು. ಬಿಟ್ಟುಬಿಡೋಣ.

ಮೂರನೆಯದು ಗೂಗಲ್‌ನಲ್ಲಿ ಮೇಲೆ ಬರೋದು ಹೇಗೆ ಅಂತ. ಸ್ಲೈಡೆಲ್ಲ ಇಂಗ್ಲಿಷ್. ಉದಾಹರಣೆಗೆ ಅಮೆರಿಕದಲ್ಲಿ ಕೇಕಿನ ರೆಸಿಪಿ ಬರೆದು, ಜಾಹೀರಾತಿನಿಂದಲೇ ಮನೆ ಕಟ್ಟಿಸಿದ ಒಬ್ಬಾಕೆ. ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಒಂದು ಕೆ.ಜಿ. ಬೆಲ್ಲ ಮನೆಯಿಂದಲೇ ಮಾರಿದರೆ ನನಗೆ ಇಪ್ಪತ್ತು ರೂಪಾಯಿ ಉಳಿಯುತ್ತೆ. ನನ್ನ ಮೂವತ್ತು ಜನರಲ್ಲಿ ಇಬ್ಬರು ಎರಡೆರಡು ಕೆ.ಜಿ. ತಗೊಂಡರೆ ಎಂಬತ್ತು. ಅದೇ ಮೂವತ್ತು ಜನ ಜಾಹೀರಾತು ನೋಡಿದರೆ ಒಂದು ಕಾಫಿಗೂ ಆಗೋಲ್ಲ. ಈ ವ್ಯತ್ಯಾಸವನ್ನು ಅಲ್ಲಿ ಯಾರೂ ಹೇಳಲಿಲ್ಲ. ಜಾಹೀರಾತು ನಂಬಿದ ಬ್ಲಾಗಿಗೆ ಲಕ್ಷಗಟ್ಟಲೆ ಜನ ಬರಬೇಕು. ನಮ್ಮಂಥವರಿಗೆ ಬರುವ ಜನ ಕಡಿಮೆಯಾದರೂ ಪರವಾಗಿಲ್ಲ, ಬೆಲ್ಲ ಬೇಕಾದವರಾಗಿರಬೇಕು.

ಇನ್ನೊಂದು. ನನ್ನ ಹಳೇ ಬರಹಗಳನ್ನು ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಬ್ಲಾಗಿಗೆ ಹಾಕಿದಾಗ ಅಕ್ಷರವೆಲ್ಲ ಕಲಸುಮೇಲೋಗರವಾಗಿ, ಕೊನೆಗೆ ಆ ಹಾಳೆಗಳ ಫೋಟೊ ತೆಗೆದು ಅದನ್ನೇ ಬ್ಲಾಗಿಗೆ ಹಾಕಿದ್ದೆ. ಹುಡುಕಿದರೆ ಸಿಗಲ್ಲ ಯಾಕೆ ಅಂತ ಸರ್‌ಗೆ ಕೇಳಿದರೆ ಅವರಿಗೇ ಗೊತ್ತಿಲ್ಲ. ಇಡ್ಲಿ ಹಿಟ್ಟಿನ ಹುಡುಗ ಹೇಳಿಕೊಟ್ಟ: ಅಕ್ಕ, ಇದು ಯೂನಿಕೋಡ್‌ನಲ್ಲಿ ಇರಬೇಕು, ಹಳೇ ಫಾಂಟಿನಲ್ಲಿದ್ದರೆ ಗೂಗಲ್‌ಗೆ ಅದು ಕನ್ನಡ ಅಂತಾನೇ ತಿಳಿಯಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದ್ರೆ ತಾನಾಗೇ ಯೂನಿಕೋಡ್ ಆಗುತ್ತೆ. ಈಗ ನಾನು ಮೈಕ್ ಒತ್ತಿ ಮಾತಾಡ್ತೀನಿ, ಮೊಬೈಲು ಬರ್ಕೊಳ್ಳುತ್ತೆ. ಆಮೇಲೆ ತಿದ್ದೋದು ಮಾತ್ರ ಇದ್ದೇ ಇದೆ. 'ಆಲೆಮನೆ' ಅಂದ್ರೆ ಅದು 'ಹಳೇ ಮನೆ' ಅಂತ ಬರೆಯುತ್ತೆ.

ನಾಲ್ಕನೇ ಭಾನುವಾರ ಸರ್ ಬರಲಿಲ್ಲ. ಬದಲಿಗೆ ಒಬ್ಬರು ಮೇಡಂ ಬಂದರು. ಅರವತ್ತರ ಹತ್ತಿರದ ವಯಸ್ಸು, ಕಾಟನ್ ಸೀರೆ. ಪ್ರೊಜೆಕ್ಟರ್ ಆಫ್ ಮಾಡಿಸಿದರು. "ಎಲ್ಲರೂ ವಾಟ್ಸಾಪ್ ತೆಗೀರಿ. ಗಿರಾಕಿಗಳು ಕೇಳಿದ ಕೊನೇ ಐವತ್ತು ಪ್ರಶ್ನೆ ಬರ್ಕೊಳ್ಳಿ. ಅವರ ಮಾತಲ್ಲೇ ಇರಲಿ, ನೀವು ತಿದ್ದಬೇಡಿ" ಅಂದರು.

ಒಂದೂವರೆ ಗಂಟೆ ಹಿಡಿಯಿತು. ನನ್ನ ಹಾಳೆಯಲ್ಲಿ ಹತ್ತೊಂಬತ್ತು ಪ್ರಶ್ನೆ ಬಣ್ಣದ್ದೇ. 'ಈ ಸಲ ಯಾಕೆ ಕಪ್ಪಗಿದೆ', 'ಅಂಗಡೀದು ಹಳದಿ ಇರುತ್ತಲ್ಲ', 'ಸೀದು ಹೋಗಿದ್ಯಾ'. ಹನ್ನೊಂದು ಜನ ಪಾಯಸ ಒಡೆದುಹೋಯ್ತು ಅಂತ ಕೇಳಿದ್ದರು. ಎಂಟು ಜನ ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ, ಹೇಗಿಡೋದು ಅಂತ. ಆರು ಜನ ಸಂಕ್ರಾಂತಿ ಎಳ್ಳಿಗೆ ಸಣ್ಣಗೆ ಕತ್ತರಿಸೋಕೆ ಗಟ್ಟಿ ಅಚ್ಚು ಸಿಗುತ್ತಾ ಅಂತ. ಉಳಿದದ್ದು ರೇಟು, ಕೊರಿಯರ್, ಮತ್ತೆ ಒಬ್ಬರು ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಮಾರೋ ಲೈಸೆನ್ಸಿನ ನಂಬರ್ ಕೇಳಿದ್ದರು. ಜೇನುತುಪ್ಪಕ್ಕೆ ಒಂದೇ ಒಂದು. ಹಪ್ಪಳಕ್ಕೆ, ಬ್ಯಾಗಿಗೆ ಸೊನ್ನೆ.

ಮೇಡಂ ಹಾಳೆ ನೋಡಿ, "ಬ್ಲಾಗಲ್ಲಿ ಎಷ್ಟು ಬರೆದಿದ್ದೀರಮ್ಮ?" ಅಂದರು.

"ಮೂವತ್ನಾಲ್ಕು ಮೇಡಂ."

"ಬೆಲ್ಲ ಯಾಕೆ ಕಪ್ಪಗಿರುತ್ತೆ ಅಂತ ಅದರಲ್ಲಿ ಎಲ್ಲಿದೆ?"

ಇರಲಿಲ್ಲ. ಒಂದು ಸಾಲೂ ಇರಲಿಲ್ಲ. ಕಿವಿ ಬಿಸಿಯಾಯಿತು. ಹತ್ತೊಂಬತ್ತು ಜನಕ್ಕೂ 'ಕೆಮಿಕಲ್ ಹಾಕಲ್ಲ ಮೇಡಂ ಅದಕ್ಕೆ' ಅಂತ ಒಂದೇ ಸಾಲು ಕಳಿಸಿ ಕೈತೊಳೆದುಕೊಂಡಿದ್ದೆ. ಅವರು ಮತ್ತೇನೂ ಬೈಯಲಿಲ್ಲ. ಮಧ್ಯಾಹ್ನದ ಮೇಲೆ ಗೂಗಲ್ ಸರ್ಚ್ ಕನ್ಸೋಲ್ ತೋರಿಸಿದರು. ಜನ ಯಾವ ಮಾತು ಹುಡುಕಿ ನಮ್ಮ ಬ್ಲಾಗಿಗೆ ಬಂದರು ಅಂತ ಅದರಲ್ಲಿ ಕಾಣುತ್ತೆ, ಪುಕ್ಕಟೆ. ಆರು ಸಾವಿರದಲ್ಲಿ ಆ ಒಂದು ದಿನಕ್ಕೇ ಐದು ಸಾವಿರ ಕೊಟ್ಟೆ ಅಂದುಕೊಂಡಿದ್ದೇನೆ.

ಮಾರನೇ ದಿನ ಅತ್ತೆ ಹತ್ತಿರ ಹೋಗಿ ಕೂತೆ. ಕೊಪ್ಪರಿಗೆ ಕುದಿಯುತ್ತಿತ್ತು. ಬಣ್ಣ ಯಾಕೆ ಒಂದೊಂದು ಸಲ ಒಂದೊಂದು ಥರ ಅಂತ ಕೇಳಿದೆ. "ಇಷ್ಟ್ ವರ್ಸ ಆಯ್ತು ಬಂದು, ಇವತ್ತು ಕೇಳ್ತಿದೀಯಲ್ಲವ್ವ" ಅಂದರು. ಮಾತಾಡುತ್ತಲೇ ಸೌಟಿನ ತುದಿಯಿಂದ ಎರಡು ತೊಟ್ಟು ಪಾಕ ತೆಗೆದು ತಣ್ಣೀರಿನ ಬಟ್ಟಲಿಗೆ ಬಿಟ್ಟರು. ಬೆರಳಲ್ಲಿ ಉರುಟಿದರು. ಮೆತ್ತಗೆ ಚಪ್ಪಟೆಯಾಯಿತು. ಎರಡು ನಿಮಿಷ ಬಿಟ್ಟು ಮತ್ತೆ. ಈ ಸಲ ಗೋಲಿ ಹಾಗೆ ನಿಂತಿತು. ಅದನ್ನೆತ್ತಿ ತಟ್ಟೆಗೆ ಎಸೆದರು. ಟಣ್ ಅಂತು. "ಇಳ್ಸಿ" ಅಂತ ಕೂಗಿದರು. ಅಷ್ಟೇ, ನಾಲ್ಕು ಜನ ಸೇರಿ ಕೊಪ್ಪರಿಗೆ ಇಳಿಸಿದರು. ಅಷ್ಟು ವರ್ಷ ನಾನು ಆ ಶಬ್ದ ಕೇಳಿಸಿಕೊಂಡೇ ಇರಲಿಲ್ಲ.

ಅವರು ಹೇಳಿದ್ದನ್ನು ಹಾಗೇ ಬರೆದೆ. ಚೌಳು ಜಮೀನಿನ ಕಬ್ಬಾದರೆ ಬೆಲ್ಲ ಕಪ್ಪಗಾಗಿ ಉಪ್ಪುಪ್ಪಾಗುತ್ತೆ. ಕಡಿದ ಕಬ್ಬು ಎರಡು ಮೂರು ದಿನ ಬಿದ್ದಿದ್ದರೂ ಕೆಡುತ್ತೆ. ಉರಿ ಜಾಸ್ತಿಯಾದರೆ ಬಣ್ಣ ಏರುತ್ತೆ. ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಹಾಕಿದರು ಅನ್ನೋದರ ಮೇಲೂ ಹೋಗುತ್ತೆ. ಕೊಳೆ ತೆಗೆಯೋಕೆ ನಾವು ಬೆಂಡೆ ಗಿಡ ಜಜ್ಜಿದ ಲೋಳೆ ಹಾಕ್ತೀವಿ, ಮಡ್ಡಿ ನೊರೆಯ ಜೊತೆ ಮೇಲೆ ಬರುತ್ತೆ. ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿದರೆ ಚಿನ್ನದ ಬಣ್ಣ ಬರುತ್ತೆ. ನನಗೇ ಹೊಸದಾಗಿದ್ದದ್ದು ಇದು: ಕಪ್ಪಗಿದ್ದ ಮಾತ್ರಕ್ಕೆ ಬೆಲ್ಲ ಒಳ್ಳೇದು ಅಂತ ಆಗೋಲ್ಲ. ಕೆಟ್ಟ ಕಬ್ಬಿನ ಬೆಲ್ಲವೂ ಕಪ್ಪಗೇ ಇರುತ್ತೆ. ಅದನ್ನೂ ಬರೆದೆ. ನಮ್ಮೆಜಮಾನರು ಓದಿ, ಇದನ್ನ್ಯಾಕೆ ಹೇಳಕ್ಕೆ ಹೋದೆ, ನಮ್ಮ ಬೆಲ್ಲಾನೇ ಅನುಮಾನ ಪಡ್ತಾರೆ ಅಂದರು. ಎರಡು ದಿನ ಜಗಳ. ತೆಗೆಯಲಿಲ್ಲ.

ಪಾಯಸದ್ದು ಆಮೇಲೆ ಬರೆದೆ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತೆ, ಬಿಸಿ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತೆ. ಬೆಲ್ಲವನ್ನು ಬೇರೆಯಾಗಿ ನೀರಲ್ಲಿ ಕರಗಿಸಿ, ಸೋಸಿ, ತಣ್ಣಗೆ ಮಾಡಿ, ಒಲೆ ಆರಿಸಿದ ಮೇಲೆ ಸೇರಿಸಿದರೆ ತೊಂದರೆ ಇಲ್ಲ. ಹತ್ತು ಸಾಲಿನ ಬರಹ. ಈಗ ನನ್ನ ಬ್ಲಾಗಿಗೆ ಬರೋರಲ್ಲಿ ಜಾಸ್ತಿ ಜನ ಇದರಿಂದಲೇ ಬರ್ತಾರೆ. ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕೋರು ಬಹಳ. ಕನ್ಸೋಲ್ ನೋಡದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಹಪ್ಪಳ, ಚಟ್ನಿಪುಡಿ, ಬ್ಯಾಗು, ಜೇನು, ಹಿಟ್ಟು ಎಲ್ಲ ಬಿಟ್ಟೆ. ಬೆಲ್ಲ ಒಂದೇ. ಹಳೇ 34ರಲ್ಲಿ 31 ಅಳಿಸಿದೆ. ಭಾರೀ ಏನೂ ಆಗಿಲ್ಲ, ದಿನಕ್ಕೆ ನೂರು ಜನ ದಾಟಿದರೆ ಅವತ್ತು ಹಬ್ಬ. ಆದರೆ ಹೋದ ಸಂಕ್ರಾಂತಿಗೆ ಗಟ್ಟಿ ಅಚ್ಚು ಡಿಸೆಂಬರ್ ಕೊನೆಗೇ ಮುಗಿದುಹೋಯ್ತು. ನಮ್ಮೂರವರು ಯಾರೂ ತಗೊಂಡಿದ್ದಲ್ಲ.

ಐದನೇ ಭಾನುವಾರದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಅವತ್ತು ಪಾಠ ಕಡಿಮೆ, ವ್ಯಾಪಾರ ಜಾಸ್ತಿ. ನಮ್ಮದೇ ಹೋಸ್ಟಿಂಗ್ (ಬ್ಲಾಗಿಗೆ ನೆಟ್ಟಲ್ಲಿ ಜಾಗ) ತಗೊಳ್ಳಿ, ಡೊಮೇನ್ (ಬ್ಲಾಗಿನ ಸ್ವಂತ ವಿಳಾಸ) ಸೇರಿ 4,800 ಅಂದರು. ಹಿಂದೆ ಮುಂದೆ ನೋಡದೆ ಕೊಟ್ಟೆ. ತಿಂಗಳಾದ ಮೇಲೆ ನೋಡಿದರೆ ನನ್ನ ಬ್ಲಾಗಿನ ಹೆಸರು ಅವರ ಇಮೇಲ್‌ನಲ್ಲಿ ನೋಂದಣಿಯಾಗಿದೆ! ಅಂದರೆ ವರ್ಷ ತುಂಬಿದಾಗ ಅವರು ಕೇಳಿದಷ್ಟು ಕೊಡಬೇಕು, ಇಲ್ಲ ಹೆಸರು ಬಿಡಬೇಕು. ಫೋನ್ ಮಾಡಿ ಮಾಡಿ, ಕೊನೆಗೆ ಕುವೆಂಪುನಗರಕ್ಕೇ ಹೋಗಿ ಕೂತು, ಎರಡು ತಿಂಗಳ ಮೇಲೆ ನನ್ನ ಹೆಸರಿಗೆ ಮಾಡಿಸಿಕೊಂಡೆ. ನೀವು ಎಲ್ಲಿಂದಲೇ ತಗೊಳ್ಳಿ, ಡೊಮೇನ್ ನಿಮ್ಮ ಇಮೇಲ್‌ನಲ್ಲೇ ಇರಲಿ. ಎರಡನೇ ವರ್ಷದ ರೇಟು ಎಷ್ಟು ಅಂತ ಮೊದಲೇ ಕೇಳಿ. ನಿಜ ಹೇಳಬೇಕಂದ್ರೆ ಮೊದಲ ವರ್ಷಕ್ಕೆ ಪುಕ್ಕಟೆ ಬ್ಲಾಗರ್ ಸಾಕಾಗಿತ್ತು.

ಇನ್ನೂ ಒಂದು ಕೊರತೆ. ಸರ್ಕಾರದ 'ಒಂದು ಜಿಲ್ಲೆ ಒಂದು ಉತ್ಪನ್ನ'ದಲ್ಲಿ ನಮ್ಮ ಮಂಡ್ಯ ಜಿಲ್ಲೆಗೆ ಸಿಕ್ಕಿರೋದು ಬೆಲ್ಲವೇ. ಸಣ್ಣ ಆಹಾರ ಘಟಕಗಳಿಗೆ ಅಂತ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಶುರುವಾಗಿತ್ತು, ಬ್ಯಾಂಕ್ ಸಾಲ ಮಾಡಿದರೆ ಘಟಕದ ಖರ್ಚಿಗೆ ಶೇಕಡ 35ರಷ್ಟು ಸಹಾಯಧನ. ಹದಿನಾಲ್ಕು ಜನರಲ್ಲಿ ಕಡಿಮೆ ಅಂದರೂ ನಾಲ್ಕು ಜನಕ್ಕೆ ಬೇಕಾಗಿದ್ದ ವಿಷಯ. ಐದು ಭಾನುವಾರದಲ್ಲಿ ಒಂದು ಮಾತೂ ಬರಲಿಲ್ಲ. ನನಗೆ ಹೇಳಿದ್ದು ರಸಬಾಳೆಯವರು, ಊಟದ ಹೊತ್ತಿನಲ್ಲಿ.

ಇನ್ನೂ ಏನೂ ಮಾರದೆ, ಬ್ಲಾಗಿನಿಂದಲೇ ಏನಾದರೂ ಹುಟ್ಟುತ್ತೆ ಅಂತ ಹೋಗುವವರಿಗೆ ಈ ತರಗತಿ ಬೇಡ. ಐವತ್ತು ಪ್ರಶ್ನೆ ಬರೆಯೋಕೆ ಮೊದಲು ಐವತ್ತು ಗಿರಾಕಿ ಬೇಕಲ್ವಾ. ಈಗಾಗಲೇ ಕೈಯಲ್ಲಿ ಒಂದು ವ್ಯಾಪಾರ ಇದ್ದು, ಎತ್ತ ಎಳೆಯಬೇಕು ಅಂತ ತಿಳಿಯದವರು ಬೇಕಾದರೆ ಹೋಗಿ. ಪೆನ್ನು, ಹಾಳೆ, ಚಾರ್ಜ್ ಆಗಿರೋ ಮೊಬೈಲು ಇರಲಿ. ಚೆಕ್‌ಬುಕ್ ಮನೆಯಲ್ಲೇ ಬಿಟ್ಟು ಹೋಗಿ.

ಮೊನ್ನೆ ತರಗತಿಯವರಿಂದ ಮೆಸೇಜ್ ಬಂತು. ಎರಡನೇ ಹಂತ ಶುರುವಾಗುತ್ತಂತೆ, 9,000 ರೂಪಾಯಿ, ಹಳಬರಿಗೆ ರಿಯಾಯಿತಿ. ಆ ಮೇಡಂ ಬರ್ತಾರಾ ಅಂತ ಕೇಳಿದ್ದೇನೆ. ಎರಡು ನೀಲಿ ಗೆರೆ ಬಂದು ಹತ್ತು ದಿನವಾಯಿತು.