ಮೋಟಾರ್ ಸುಟ್ಟಿರಲಿಲ್ಲ: ಹಳೇ ಪಿ.ಬಿ. ರಸ್ತೆಯ ಎ.ಸಿ. ಮೆಕ್ಯಾನಿಕ್ ಬಗ್ಗೆ

ದಾವಣಗೆರೆಯಲ್ಲಿ ಸ್ಪ್ಲಿಟ್ ಎ.ಸಿ. ರಿಪೇರಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೀಲಿಂಗ್ ಒಳಗಿನ ಕೊಳವೆಗಳ ಮೂಲಕ ತಂಪು ಗಾಳಿ ಬಿಡುವ ಡಕ್ಟ್ ಎ.ಸಿ. ಎಂದರೆ ಹಿಂದೆ ಸರಿಯುವವರೇ ಹೆಚ್ಚು. ಹಾಗಾಗಿ ಹಳೇ ಪಿ.ಬಿ. ರಸ್ತೆಯ ಈ ಪುಟ್ಟ ಅಂಗಡಿಯ ಮೆಕ್ಯಾನಿಕ್ ಬಗ್ಗೆ ವಿವರವಾಗಿಯೇ ಬರೆಯುತ್ತಿದ್ದೇನೆ.

ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಅಲ್ಲಿನ ಡಕ್ಟ್ ಎ.ಸಿ.ಗೆ ಬ್ಯಾಟರಿಯ ಹಳೆಯ ಥರ್ಮೋಸ್ಟಾಟ್ (ಕೋಣೆಯ ತಾಪ ನೋಡಿ ಎ.ಸಿ.ಯನ್ನು ನಡೆಸುವ, ಗೋಡೆಯ ಮೇಲಿನ ಸಾಧನ) ಇತ್ತು. ಅದನ್ನು ತೆಗೆಸಿ ಮೊಬೈಲ್‌ನಿಂದ ನಡೆಸುವ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದೆವು. ಆಗಿನಿಂದಲೇ ತೊಂದರೆ ಶುರುವಾಯಿತು. ತಾರಸಿಯ ಮೇಲೆ ಕಂಪ್ರೆಸರ್ ಓಡುತ್ತಿತ್ತು, ಪರದೆಯ ಮೇಲೆ 'ಕೂಲಿಂಗ್' ಎಂದಿತ್ತು, ಕೋಣೆಯಲ್ಲಿ ಮಾತ್ರ ಗಾಳಿಯ ಸುಳಿವೇ ಇಲ್ಲ. ಸಂಜೆ ಫಾಲ್ಸ್ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕಿ ಮಕ್ಕಳ ನೋಟ್‌ಬುಕ್‌ಗಳು ಒದ್ದೆಯಾದವು. ಹಾಕಿಕೊಟ್ಟವರನ್ನು ಕರೆಸಿದರೆ, ಒಂದು ತಿರುಪನ್ನೂ ಬಿಚ್ಚದೆ, "ಫ್ಯಾನ್ ಮೋಟಾರ್ ಸುಟ್ಟಿದೆ, ಹೊಸದು ಹಾಕಬೇಕು" ಎಂದುಬಿಟ್ಟರು. ನೋಡದೆ ಹೇಳಿದ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಹಳೇ ಪಿ.ಬಿ. ರಸ್ತೆಯ ಈ ಮೆಕ್ಯಾನಿಕ್ ಬಂದವರೇ ಮೊದಲು ಎ.ಸಿ.ಯ ಕರೆಂಟ್ ತೆಗೆಯುವ ಸ್ವಿಚ್ಚಾದ ಎಂ.ಸಿ.ಬಿ. ಇಳಿಸಿದರು. ಸೀಲಿಂಗ್‌ನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು, ನನ್ನನ್ನೂ ಏಣಿ ಹತ್ತಿಸಿ ತೋರಿಸಿದರು. ಗಾಳಿಯನ್ನು ತಂಪಾಗಿಸುವ ಕಾಯಿಲ್‌ನ ತೆಳು ರೆಕ್ಕೆಗಳ ಸಂದು ಕಾಣದಷ್ಟು ಮಂಜುಗಡ್ಡೆ ಕಟ್ಟಿತ್ತು. "ಫ್ಯಾನ್ ಇಲ್ಲದೆ ಕಂಪ್ರೆಸರ್ ಒಂದೇ ಓಡಿದರೆ ಹೀಗೇ ಆಗುತ್ತದೆ ಮೇಡಂ. ಇದು ಕರಗಿದಾಗ ಕೆಳಗಿನ ಟ್ರೇ ತುಂಬಿ ಸೋರುತ್ತದೆ" ಎಂದರು.

ಆಮೇಲೆ ಥರ್ಮೋಸ್ಟಾಟ್‌ನಿಂದ ಬಂದ ತಂತಿಗಳನ್ನು ಬಿಡಿಸಿ, ಎ.ಸಿ.ಯೊಳಗೆ ಆ ತಂತಿಗಳು ಸೇರುವ ಬೋರ್ಡಿನ ಆರ್ ಮತ್ತು ಜಿ ತಿರುಪುಗಳ ನಡುವೆ ಒಂದು ತುಂಡು ತಂತಿ ಸಿಕ್ಕಿಸಿ, ಎಂ.ಸಿ.ಬಿ. ಏರಿಸಿದರು. ಫ್ಯಾನ್ ಗಿರ್ರನೆ ತಿರುಗಿತು! ಆರ್ ಎಂದರೆ 24 ವೋಲ್ಟ್ ಬರುವ ತಂತಿ, ವೈ ಕಂಪ್ರೆಸರ್‌ಗೆ, ಜಿ ಫ್ಯಾನ್‌ಗೆ. ಆರ್, ಜಿ ಸೇರಿಸಿದಾಗ ಫ್ಯಾನ್ ತಿರುಗಿತೆಂದರೆ ಮೋಟಾರ್, ಅದನ್ನು ಓಡಿಸಲು ನೆರವಾಗುವ ಕೆಪಾಸಿಟರ್, ಅದಕ್ಕೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ಎಲ್ಲವೂ ಸರಿಯಿವೆ ಎಂದರ್ಥ. ಐದು ನಿಮಿಷದ ಈ ಪರೀಕ್ಷೆ ನನಗೆ ಹೊಸ ಮೋಟಾರಿನ ದುಡ್ಡು ಉಳಿಸಿತು.

ಹಳೆಯ ಥರ್ಮೋಸ್ಟಾಟ್‌ಗೆ ಆ ಮೂರು ತಂತಿಗಳೇ ಸಾಕಾಗಿದ್ದವು. ವೈ-ಫೈ ಇರುವ ಹೊಸದಕ್ಕೆ ಸದಾ ವಿದ್ಯುತ್ ಬೇಕು. ಅದಕ್ಕೆ ಸಿ ಎಂಬ ನಾಲ್ಕನೆಯ ತಂತಿ. ಗೋಡೆಯೊಳಗೆ ಅದು ಇರಲಿಲ್ಲವೆಂದು ಹಾಕಿದವರು ಫ್ಯಾನಿನ ಹಸಿರು ತಂತಿಯನ್ನೇ, ಅಂದರೆ ಜಿಯನ್ನೇ, ಸಿ ತಿರುಪಿಗೆ ಕೊಟ್ಟಿದ್ದರು. ಹಾಗಾಗಿ ಫ್ಯಾನಿಗೆ ಓಡು ಎಂಬ ಸೂಚನೆಯೇ ಹೋಗುತ್ತಿರಲಿಲ್ಲ. ಬೋರ್ಡಿನಲ್ಲಿ ವೈ ಮತ್ತು ಜಿ ನಡುವೆ ತಂತಿಯ ಒಂದು ಕೊಂಡಿ ಹಾಕಿದ್ದರೆ ಸಾಕಿತ್ತು, ಫ್ಯಾನ್ ಕಂಪ್ರೆಸರ್ ಜೊತೆ ಓಡುತ್ತಿತ್ತು. ಅದನ್ನೂ ಹಾಕಿರಲಿಲ್ಲ. ಇವರು ಆ ಕೊಂಡಿ ಹಾಕಿ ಹೊರಟುಬಿಡಬಹುದಿತ್ತು. "ಆಗ ಫ್ಯಾನ್ ಒಂದನ್ನೇ ಓಡಿಸಲು ಬರುವುದಿಲ್ಲ" ಎಂದು ಹಳೆಯ ಪೈಪಿನಲ್ಲೇ ಹೊಸ ಕೇಬಲ್ ಎಳೆದರು. ಮುಂದೆ ಬೇಕಾದೀತೆಂದು ಒಂದು ಎಳೆ ಹೆಚ್ಚಿಗೆಯೇ ಇರುವ ಕೇಬಲ್. ಕೆಲಸದ ಮೇಲಿನ ಈ ಕಾಳಜಿ ನನಗೆ ತುಂಬ ಹಿಡಿಸಿತು. ಫ್ಯಾನನ್ನು 'ಆಟೋ'ದಲ್ಲೇ ಇಡಲು ಹೇಳಿದರು. 'ಆನ್' ಮಾಡಿಟ್ಟರೆ ಕಂಪ್ರೆಸರ್ ನಿಂತ ಮೇಲೂ ಅದು ತಿರುಗಿ ಕಾಯಿಲ್ ಮೇಲಿನ ತೇವವನ್ನು ಕೋಣೆಗೇ ಮರಳಿಸುತ್ತದಂತೆ.

ಕೇಬಲ್ ಸೇರಿ 1,800 ರೂಪಾಯಿ ಆಯಿತು. ಬಿಲ್ಲನ್ನು ಕೇಳಿ ಪಡೆಯಬೇಕಾಯಿತು. ಬೆಳಿಗ್ಗೆ ಬರುತ್ತೇನೆಂದವರು ಮಧ್ಯಾಹ್ನ ಬಂದರು, ಫೋನ್ ಮಾಡಿ ತಿಳಿಸಲೂ ಇಲ್ಲ. ಅಂದಿನ ಪಾಠ ನಿಂತಿತು. ಇದನ್ನವರು ತಿದ್ದಿಕೊಳ್ಳಲೇಬೇಕು. ಥರ್ಮೋಸ್ಟಾಟ್ ಈಗ ಚೆನ್ನಾಗಿ ನಡೆಯುತ್ತಿದೆ. ಕೊಳ್ಳುವವರು ಮೊದಲು ಹಳೆಯದರ ಮುಚ್ಚಳ ತೆಗೆಸಿ ಸಿ ತಂತಿ ಇದೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಕೇಬಲ್ ಎಳೆಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.